ಹಳ್ಳಿ ಕರೆಂಟಿನ ಮ್ಯಾಲೆ ಹಾಕಬ್ಯಾಡ್ರಿ

ನಮ್ಮ ಬಿಜಾಪುರ ಕಡೆ ಯಾವ ಎಲೆಕ್ಟ್ರಾನಿಕ್ ಸಾಮಾನು ಕೆಟ್ಟರೂ ಕಾರಣ ಒಂದೇ. (2014ರಲ್ಲಿ ಸರ್ಕಾರ ವಿಜಯಪುರ ಅಂತ ಮಾಡಿದೆ, ನನ್ನ ಬಾಯಿಗೆ ಇನ್ನೂ ಕೂತಿಲ್ಲ.) ಟಿವಿ ಹೋಯಿತು, ಕರೆಂಟ್. ಮೋಟಾರಿನ ಸ್ಟಾರ್ಟರ್ ಹೋಯಿತು, ಕರೆಂಟ್. ಫೋನಿನ ಚಾರ್ಜರ್ ಹೋಯಿತು, ಅದಕ್ಕೂ ಕರೆಂಟೇ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತ ಹುಡುಗ ಮೊದಲು ನೋಡೋದು ಬಿಲ್ಲಿನ ಮೇಲಿರುವ ವಿಳಾಸ. ತಿಕೋಟಾ ಅಂತಲೋ ಬಬಲೇಶ್ವರ ಅಂತಲೋ ಇದ್ದರೆ ಮುಗೀತು, ಸ್ಕ್ರೂ ಬಿಚ್ಚುವ ಮೊದಲೇ ತೀರ್ಪು ಬಂದಿರುತ್ತದೆ: “ಹಳ್ಳಿ ಕರೆಂಟ್ ರೀ, ವೋಲ್ಟೇಜ್ ಫ್ಲಕ್ಚುಯೇಶನ್. ವಾರಂಟಿಯೊಳಗ ಬರೂದಿಲ್ಲ.”

ನಮ್ಮ ಕಡೆ ವೋಲ್ಟೇಜ್ ಏರಿಳಿಯೋದು ಸುಳ್ಳಲ್ಲ. ಸುತ್ತಲಿನ ದ್ರಾಕ್ಷಿ ತೋಟದ ಮೋಟಾರುಗಳೆಲ್ಲ ಒಮ್ಮೆಲೇ ಚಾಲೂ ಆದಾಗ ಮನೆಯ ಬಲ್ಬು ಮಂಕಾಗೋದನ್ನ ನೋಡುತ್ತಲೇ ಬೆಳೆದವನು ನಾನು. ಆದರೆ ಬಂದ ಎಲ್ಲಾ ರೋಗಿಗಳಿಗೂ ಒಂದೇ ರೋಗದ ಹೆಸರು ಬರೆದುಕೊಡುವವನನ್ನು ಯಾರೂ ಡಾಕ್ಟರ್ ಅನ್ನೋದಿಲ್ಲ. ನಾನು ಇಲ್ಲಿ ಹೇಳಲು ಹೊರಟಿರುವ ಸಾವಿಗೂ ಊರಿನ ಕಂಬಕ್ಕೂ ಸಂಬಂಧ ಇಲ್ಲ. ಅದು ಬರೋದು ಯಾರೂ ಅನುಮಾನ ಪಡದ ಒಂದು ತಂತಿಯಿಂದ. ಯುಎಸ್‌ಬಿ ಕೇಬಲ್‌ನಿಂದ. ಇದು ಈ ಕ್ಷೇತ್ರದ ಎಂಜಿನಿಯರುಗಳಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಗೊತ್ತಿದ್ದೂ ಬಿಟ್ಟಿದ್ದಾರೆ ಅನ್ನೋದೇ ನನ್ನ ತಕರಾರು.

ಯಾರಿಗೆ ಇದರ ಪೆಟ್ಟು ಅಂತ ಮೊದಲು ಹೇಳ್ತೀನಿ. ಸಂಕ್ರಾಂತಿಗೆ ಬಿಜಾಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅಲ್ಲಿಂದ ಶುರುವಾದರೆ ಮುಂಗಾರು ಬರುವ ತನಕ ಊರೂರಿಗೆ ಜಾತ್ರೆ, ಲಗ್ನ, ರಸಮಂಜರಿ. ಈ ಐದಾರು ತಿಂಗಳ ದುಡಿಮೆಯಲ್ಲೇ ವರ್ಷ ಕಳೆಯಬೇಕಾದ ಕಲಾವಿದರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊದಲು ಹಾರ್ಮೋನಿಯಂ, ತಬಲಾ, ತಾಳ ಇದ್ದರೆ ಸಾಕಿತ್ತು. ಈಗ ಸ್ಟೇಜಿನ ಮೂಲೆಯ ಟೇಬಲ್ ನೋಡ್ರಿ: ಕೀಬೋರ್ಡು (ಯಾವ ಕಂಪನಿಯದಿದ್ದರೂ ಅದು ‘ಕ್ಯಾಸಿಯೋ’ನೇ), ರಿದಮ್ ಪ್ಯಾಡು, ಹಾಡಿನ ಟ್ರ್ಯಾಕ್ ತುಂಬಿದ ಪೆನ್‌ಡ್ರೈವು, ಕೆಲವರ ಹತ್ತಿರ ಲ್ಯಾಪ್‌ಟಾಪು. ಕೀಬೋರ್ಡಿಗೆ ಇರೋದು ಒಂದೇ ಯುಎಸ್‌ಬಿ ಕಿಂಡಿ, ಚುಚ್ಚಬೇಕಾದದ್ದು ಮೂರು. ಹಾಗಾಗಿ ಒಂದು ಹಬ್ ಬೇಕು. ಬರೀ ಹಬ್ ಹಾಕಿದರೆ ಪವರ್ ಸಾಲೋದಿಲ್ಲ, ಆದ್ದರಿಂದ ಸ್ವಂತ 5 ವೋಲ್ಟ್ ಅಡಾಪ್ಟರ್ ಇರುವ ಹಬ್. ಕೆಲವು ಕೀಬೋರ್ಡುಗಳ ಕೈಪಿಡಿಯೇ ಸ್ವಂತ ಪವರ್ ಇರುವ ಹಬ್ ಬಳಸಿ ಅನ್ನುತ್ತದೆ. ಅಂದರೆ ಈ ಜೋಡಣೆ ಹಳ್ಳಿಯವರ ಜುಗಾಡ್ ಅಲ್ಲ, ಪುಸ್ತಕದಲ್ಲೇ ಬರೆದದ್ದು.

ಬಬಲೇಶ್ವರದ ಕಡೆಯ ಒಬ್ಬ ಕೀಬೋರ್ಡ್ ವಾದಕರು ನಮ್ಮ ತಾಯಿಯ ತವರಿನವರು, ನಾನು ಮಾಮಾ ಅಂತೀನಿ. ಅವರು ಫೋನ್ ಮಾಡಿ ಹೇಳಿದ್ದು ಇಷ್ಟು: “ಅಳಿಯಾ, ಸ್ವಿಚ್ ಬಂದ್ ಮಾಡಿದ್ರೂ ಕೆಂಪ್ ಲೈಟ್ ಮಿಣಿಮಿಣಿ ಅಂತೈತಿ. ಅಡಾಪ್ಟರ್ ಕಿತ್ತಿದ್ರೂ ಅಂತೈತಿ. ಇದಕ್ಕೇನ್ ದೆವ್ವ ಹೊಕ್ಕೈತೋ ಏನೋ.” ಕೆಲವೊಮ್ಮೆ ಹಾಡಿನ ಮಧ್ಯೆ ಹ್ಯಾಂಗ್. ಬಂದ್ ಮಾಡಿ ಚಾಲೂ ಮಾಡಿದರೂ ಏಳೋದಿಲ್ಲ, ಎಲ್ಲಾ ವೈರು ಕಿತ್ತು ಐದು ನಿಮಿಷ ಬಿಟ್ಟರೆ ಏಳುತ್ತದೆ. ಹೀಗೆ ಒಂದು ಸೀಜನ್ ನಡೆದು, ಮೊದಲು ಯುಎಸ್‌ಬಿ ಕಿಂಡಿ ಸತ್ತಿತು, ಆಮೇಲೆ ಮೇನ್ ಬೋರ್ಡು. ಸರ್ವಿಸ್ ಸೆಂಟರಿನವರು ಕೊಟ್ಟ ಚೀಟಿಯಲ್ಲಿ ಮೇಲೆ ಹೇಳಿದ ಅದೇ ಎರಡು ಪದ. ನಾನು ಆ ಹಬ್ ತಗೊಂಡು, ಅದರ ಅಡಾಪ್ಟರ್ ಚುಚ್ಚಿ, ಕೀಬೋರ್ಡಿಗೆ ಹೋಗುವ ತುದಿಯನ್ನು ಹೊರಗೇ ಬಿಟ್ಟು ಮೀಟರ್ ಹಿಡಿದೆ. ಏನೂ ಬರಬಾರದ ಜಾಗದಲ್ಲಿ 4.9 ವೋಲ್ಟ್!

ಇದು ಏನು ಅಂತ ತಿಳಿಯೋಕೆ ಎಲೆಕ್ಟ್ರಾನಿಕ್ಸ್ ಓದಬೇಕಾಗಿಲ್ಲ. ಕೃಷ್ಣೆಯ ನೀರನ್ನು ಎತ್ತಿ ನಮ್ಮ ಕಡೆ ತರೋ ತುಬಚಿ-ಬಬಲೇಶ್ವರ ಏತ ನೀರಾವರಿ ಗೊತ್ತಲ್ಲ? ಏತ ನೀರಾವರಿ ಕಟ್ಟುವ ಯಾವ ಎಂಜಿನಿಯರೂ ಪಂಪಿನ ಮುಂದೆ ನಾನ್-ರಿಟರ್ನ್ ವಾಲ್ವ್ ಇಲ್ಲದೆ ಪೈಪ್ ಎಳೆಯೋದಿಲ್ಲ. ಕರೆಂಟ್ ಹೋಗಿ ಪಂಪ್ ನಿಂತ ಕ್ಷಣ ಮೇಲೆ ಹತ್ತಿದ ನೀರೆಲ್ಲ ತಿರುಗಿ ಬಂದು ಪಂಪನ್ನೇ ಉಲ್ಟಾ ತಿರುಗಿಸುತ್ತದೆ. ನಮ್ಮ ಹೊಲದ ಬಾವಿಯ ಮೋಟಾರಿಗೆ ಸಹ ಕೆಳಗೊಂದು ಫುಟ್‌ವಾಲ್ವ್ ಇರ್ತದೆ. ಇನ್ನೊಂದು ಉದಾಹರಣೆ ಬೇಕಾದರೆ ಜನರೇಟರ್. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಜನರೇಟರ್ ಚಾಲೂ ಮಾಡಿದರೆ ಆ ಕರೆಂಟ್ ಮೀಟರ್ ದಾಟಿ ಹೊರಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ದಿಕ್ಕಿನ ಹಂಗಿಲ್ಲ, ಮನೆಯ ವೋಲ್ಟೇಜನ್ನು ಏರಿಸಿ 11 ಸಾವಿರದ ಲೈನಿಗೆ ಕೊಡುತ್ತದೆ. ಲೈನ್ ಬಂದ್ ಇದೆ ಅಂತ ನಂಬಿ ಕಂಬ ಹತ್ತಿದ ಹೆಸ್ಕಾಂ ಲೈನ್‌ಮನ್‌ಗೆ ಅದೇ ಯಮ. ಮನೆ ಮೇಲಿನ ಸೋಲಾರ್ ಇನ್ವರ್ಟರಿಗೂ ಇದೇ ಕಾರಣಕ್ಕೆ ಕಡ್ಡಾಯ ನಿಯಮ ಇದೆ: ಹೊರಗಿನ ಲೈನ್ ಹೋದರೆ ತಾನೂ ತಕ್ಷಣ ಕಳಚಿಕೊಳ್ಳಬೇಕು.

ನೀರಿಗೆ ವಾಲ್ವು, ಲೈನಿಗೆ ಚೇಂಜ್‌ಓವರು, ಸೋಲಾರಿಗೆ ನಿಯಮ. 5 ವೋಲ್ಟಿಗೆ ಮಾತ್ರ ಯಾಕೆ ಇಷ್ಟು ಸಸಾರ?

ಹಾಗಂತ ನಿಯಮ ಇಲ್ಲ ಅಂದುಕೊಳ್ಳಬೇಡಿ. 2000ದಲ್ಲಿ ಬಂದ ಯುಎಸ್‌ಬಿ 2.0 ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ: ಸ್ವಂತ ಪವರ್ ಇರಲಿ, ಇಲ್ಲದಿರಲಿ, ಯಾವ ಸಾಧನವೂ ತಾನು ಚುಚ್ಚಿಕೊಂಡಿರುವ ಮೇಲಿನ ಯಂತ್ರದ ಕಡೆಗೆ ಕರೆಂಟ್ ಕಳಿಸಕೂಡದು. ಪವರ್ ತಂತಿಯ ಮಾತಷ್ಟೇ ಅಲ್ಲ, ಮೇಲಿನಿಂದ 5 ವೋಲ್ಟ್ ಬರದೆ ಇದ್ದಾಗ ಡೇಟಾ ತಂತಿಯನ್ನೂ ಎತ್ತಿ ಹಿಡಿಯಕೂಡದು. ಇದಕ್ಕೆ ಪರೀಕ್ಷೆ ಸಹ ಇದೆ, ಬ್ಯಾಕ್-ವೋಲ್ಟೇಜ್ ಟೆಸ್ಟ್ ಅಂತ. 15 ಕಿಲೋ ಓಮ್ ರೆಸಿಸ್ಟರ್ ಹಾಕಿ ಅಳೆದಾಗ 0.4 ವೋಲ್ಟ್ ಮೀರಬಾರದು. ಮಾಮಾನ ಹಬ್ಬಿನಲ್ಲಿ ಅದರ ಹನ್ನೆರಡು ಪಟ್ಟು ಇತ್ತು. ಯುಎಸ್‌ಬಿ ಒಕ್ಕೂಟದ ಅಧಿಕೃತ ಲೋಗೋ ಬೇಕು ಅನ್ನುವವರು ಈ ಪರೀಕ್ಷೆ ಪಾಸಾಗಬೇಕು. ಲೋಗೋ ಬೇಡ, ಚೌಕಾಸಿ ಮಾಡಿದರೂ ಲಾಭ ಉಳಿದರೆ ಸಾಕು ಅನ್ನುವವರನ್ನು ಕೇಳೋರು ಯಾರು?

ಬ್ಯಾಕ್‌ಫೀಡ್ ಆದಾಗ ವಾದ್ಯದ ಒಳಗೆ ಆಗೋದು ಇದು. ಸ್ವಿಚ್ ಬಂದ್ ಇದ್ದರೂ ಹಬ್ಬಿನ 5 ವೋಲ್ಟ್ ಹಿಂಬಾಗಿಲಿನಿಂದ ಬೋರ್ಡಿಗೆ ನುಗ್ಗುತ್ತದೆ. ಕೆಲವು ಐಸಿ ಅರ್ಧ ಎಚ್ಚರ, ಕೆಲವು ನಿದ್ದೆಯಲ್ಲಿ. ಲೈಟ್ ಮಿಣುಗೋದು ಅದಕ್ಕೇ. ಪ್ರೊಸೆಸರಿನ ವೋಲ್ಟೇಜ್ ಪೂರ್ತಿ ಸೊನ್ನೆಗೆ ಇಳಿಯದೆ ಇದ್ದರೆ ಅದು ಸರಿಯಾಗಿ ರಿಸೆಟ್ ಆಗೋದಿಲ್ಲ, ಆದ್ದರಿಂದ ಬಂದ್ ಮಾಡಿ ಚಾಲೂ ಮಾಡಿದರೂ ಹ್ಯಾಂಗ್ ಹಾಗೇ ಉಳಿಯುತ್ತದೆ. ವೋಲ್ಟೇಜ್ ರೆಗ್ಯುಲೇಟರಿನ ಬಾಲದ ಕಡೆಯಿಂದ ತಲೆಯ ಕಡೆಗೆ ಕರೆಂಟ್ ಹರಿಯುತ್ತದೆ, ಅದಕ್ಕಾಗಿ ಮಾಡದ ರೆಗ್ಯುಲೇಟರ್ ನಿಧಾನಕ್ಕೆ ಬೇಯುತ್ತದೆ. ಇನ್ನು ವಾದ್ಯ ಚಾಲೂ ಇದ್ದಾಗ? ಒಂದು 5.2, ಇನ್ನೊಂದು 4.9, ಎರಡೂ ಒಂದೇ ತಂತಿಗೆ ಕಟ್ಟಿದ ಎತ್ತುಗಳ ಹಾಗೆ ಜಗ್ಗಾಡುತ್ತವೆ. ಕಳಪೆ ಅಡಾಪ್ಟರಿನಲ್ಲಿ ಬರುವ ಸ್ಪೈಕ್, ಕೀಬೋರ್ಡಿನ ಮುಂಬಾಗಿಲಲ್ಲಿ ಕಾವಲಿಗಿದ್ದ ರಕ್ಷಣೆಯನ್ನೆಲ್ಲ ಬಿಟ್ಟು, ನೇರ ಒಳಗೆ.

ಹೀಗಾಗಿ ಕಂಬದ ಕರೆಂಟ್ ಗಂಗಾಜಲದಷ್ಟು ಶುದ್ಧವಾಗಿದ್ದರೂ ಆ ಬೋರ್ಡು ಸಾಯುತ್ತಿತ್ತು. ಬೆಂಗಳೂರಿನ ಕೋರಮಂಗಲದ ಸ್ಟುಡಿಯೋದಲ್ಲಿ ಇಟ್ಟಿದ್ದರೂ ಸಾಯುತ್ತಿತ್ತು. ವ್ಯತ್ಯಾಸ ಇಷ್ಟೇ, ಅಲ್ಲಿ ಅದಕ್ಕೆ ‘ಡಿಫೆಕ್ಟ್’ ಅಂತ ಹೆಸರು, ಇಲ್ಲಿ ‘ಹಳ್ಳಿ ಕರೆಂಟ್’.

ಹೊಟ್ಟೆ ಉರಿಯೋದು ಇನ್ನೊಂದು ಕಾರಣಕ್ಕೆ. ವಾದ್ಯಗಳ ಲೋಕಕ್ಕೆ ಈ ಬುದ್ಧಿ ನಾಲ್ಕು ದಶಕದ ಹಿಂದೆಯೇ ಇತ್ತು. 1983ರಲ್ಲಿ ಮಿಡಿ ಬಂತು, ಬೇರೆ ಬೇರೆ ಕಂಪನಿಯ ವಾದ್ಯಗಳು ಪರಸ್ಪರ ಮಾತಾಡುವ ಭಾಷೆ. ರೋಲ್ಯಾಂಡ್ ಸ್ಥಾಪಿಸಿದ ಇಕುತಾರೋ ಕಾಕೆಹಾಶಿ ಮತ್ತು ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್ ಅದರ ಮುಖ್ಯ ರೂವಾರಿಗಳು, 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಸಿಕ್ಕಿತು. ಆ ಐದು ಪಿನ್ನಿನ ದುಂಡು ಪ್ಲಗ್ಗಿನ ವ್ಯವಸ್ಥೆಯಲ್ಲಿ ಸಂದೇಶ ಪಡೆಯುವ ವಾದ್ಯದ ಬಾಗಿಲಲ್ಲೇ ಒಂದು ಆಪ್ಟೋ ಐಸೋಲೇಟರ್ ಇರಬೇಕು ಅಂತ ವಿಧಿಸಿದರು. ಅಂದರೆ ಒಳಗೆ ಒಂದು ಪುಟ್ಟ ದೀಪ, ಎದುರಿಗೆ ಒಂದು ಪುಟ್ಟ ಕಣ್ಣು. ತಂತಿಯಲ್ಲಿ 5 ಮಿಲಿ ಆಂಪಿಯರ್ ಬಂದಾಗ ದೀಪ ಹತ್ತುತ್ತದೆ, ಕಣ್ಣು ಅದನ್ನ ನೋಡಿ ಸಂದೇಶ ಓದುತ್ತದೆ. ಎರಡು ವಾದ್ಯಗಳ ನಡುವೆ ದಾಟೋದು ಬೆಳಕು ಮಾತ್ರ. ಒಂದರ ಕರೆಂಟು ಇನ್ನೊಂದಕ್ಕೆ ಮುಟ್ಟುವ ಪ್ರಶ್ನೆಯೇ ಇಲ್ಲ. ಸ್ಟೇಜಿನ ಮೇಲೆ ಒಂದೊಂದು ವಾದ್ಯ ಒಂದೊಂದು ಪ್ಲಗ್ಗಿನಿಂದ ಕರೆಂಟ್ ತಗೊಳ್ತದೆ, ಹಮ್ಮಿಂಗ್ ಬರ್ತದೆ ಅಂತ ಅವರಿಗೆ ಗೊತ್ತಿತ್ತು. ಸಂಗೀತಗಾರನ ಟೇಬಲ್ ನೋಡಿದವರು ಮಾಡಿದ ಕೆಲಸ ಅದು.

ಆಮೇಲೆ 1999ರಲ್ಲಿ ಮಿಡಿಯನ್ನು ಯುಎಸ್‌ಬಿ ಮೇಲೆ ಕಳಿಸುವ ಪದ್ಧತಿ ಬಂತು. ಅನುಕೂಲ ಬಹಳ, ನಾನೂ ಅದನ್ನೇ ಬಳಸ್ತೀನಿ. ಆದರೆ ಆ ದೀಪವೂ ಕಣ್ಣೂ ಹೋದವು. ಅವುಗಳ ಜಾಗದಲ್ಲಿ ಒಂದು 5 ವೋಲ್ಟ್ ತಂತಿ, ಒಂದು ಗ್ರೌಂಡ್ ತಂತಿ, ಮತ್ತು ‘ಎಲ್ಲರೂ ನಿಯಮ ಪಾಲಿಸ್ತಾರೆ’ ಅನ್ನೋ ನಂಬಿಕೆ ಬಂದು ಕೂತವು.

ಎಲೆಕ್ಟ್ರಾನಿಕ್ ವಾದ್ಯ ಅನ್ನೋದು ನಮಗೆ ಹೊರಗಿನಿಂದ ಬಂದ ವಸ್ತು, ಅದಕ್ಕೇ ನಮಗೆ ಬಳಸೋಕೆ ಬರಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, ರೇಡಲ್‌ನ ಜಿ. ರಾಜ್ ನಾರಾಯಣ್, 1979ರಲ್ಲಿ. ಅವರು ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ವಾದ್ಯ ನುಡಿಸುವವನೇ ವಾದ್ಯ ಮಾಡಿದರೆ ಯಾವ ಪ್ರಶ್ನೆ ಕೇಳಿಕೊಳ್ಳಬೇಕು ಅಂತ ಗೊತ್ತಿರುತ್ತದೆ. ಮೊಬೈಲ್ ಕವರ್ ಮಾರುವ ಅಂಗಡಿಗೆ ಡಬ್ಬಿಗಟ್ಟಲೆ ಹಬ್ ಕಳಿಸುವವನಿಗೆ ಆ ಪ್ರಶ್ನೆ ಹುಟ್ಟೋದೇ ಇಲ್ಲ.

ಈ ಮಾತು ಬಂದಾಗಲೆಲ್ಲ ಹಾರ್ಡ್‌ವೇರ್ ಗೆಳೆಯರು ಒಂದು ಸಮರ್ಥನೆ ಕೊಡ್ತಾರೆ: “ಡಯೋಡ್ ಹಾಕಿದ್ರೆ ವೋಲ್ಟೇಜ್ ಬೀಳ್ತದೆ ಮಾರಾಯ, 5 ವೋಲ್ಟಲ್ಲಿ 0.3, 0.4 ಹೋದ್ರೆ ಡಿವೈಸ್ ನಡೆಯಲ್ಲ.” ಕೇಳೋಕೆ ಚೆಂದ. ಆದರೆ ಡಯೋಡ್ ಹಾಕಬೇಕಾದದ್ದು ಎಲ್ಲಿ? ಮೇಲಿನ ಯಂತ್ರದಿಂದ ಹಬ್ಬಿನೊಳಗೆ ಬರುವ ದಾರಿಯಲ್ಲಿ. ಹಬ್ಬಿಗೆ ಅಡಾಪ್ಟರ್ ಹಾಕಿದಾಗ ಆ ದಾರಿಯಲ್ಲಿ ಕರೆಂಟೇ ಬರೋದಿಲ್ಲ, ಅಂದಮೇಲೆ ಬೀಳೋದು ಏನು? ಅಡಾಪ್ಟರ್ ಹಾಕದೆ ಬಳಸಿದಾಗ ಮಾತ್ರ ಆ 0.3ರ ಲೆಕ್ಕ. ಆ ಲೆಕ್ಕವೂ ಬೇಡ ಅಂದರೆ ಐಡಿಯಲ್ ಡಯೋಡ್ ಅಂತ ಸಣ್ಣ ಐಸಿಗಳಿವೆ. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಕೊಳ್ಳುವ ಆರ್ಡುಯಿನೋ ಉನೋ ಬೋರ್ಡ್ ನೋಡ್ರಿ. ಹೊರಗಿನ ಪವರ್ ಬಂದರೆ ಯುಎಸ್‌ಬಿಯ ದಾರಿ ಮುಚ್ಚೋಕೆ ಅದರಲ್ಲಿ ಒಂದು ಕಂಪ್ಯಾರೇಟರ್, ಒಂದು ಮಾಸ್‌ಫೆಟ್ ಇವೆ. ಕಲಿಯುವ ಹುಡುಗರ ಬೋರ್ಡಿಗೆ ಇರುವ ಕಾಳಜಿ, ಒಬ್ಬನ ಸಂಸಾರ ನಡೆಸುವ ವಾದ್ಯಕ್ಕೆ ಚುಚ್ಚುವ ಹಬ್ಬಿಗೆ ಇಲ್ಲ. ನಿಜ ಸಂಗತಿ ಏನಪ್ಪಾ ಅಂದ್ರೆ, ಆ ಹಬ್ ಮಾಡಿದವನು ಅಡಾಪ್ಟರಿನ 5 ವೋಲ್ಟನ್ನೂ ಮೇಲಿನಿಂದ ಬರುವ 5 ವೋಲ್ಟನ್ನೂ ಸುಮ್ಮನೆ ಒಂದಕ್ಕೊಂದು ಬೆಸೆದುಬಿಟ್ಟಿದ್ದಾನೆ. ಹೇಗೆ ಬಳಸಿದರೂ ನಡೀತದೆ, ಅವನಿಗೆ ಒಂದೆರಡು ರೂಪಾಯಿ ಉಳೀತದೆ.

ತಪ್ಪು ಹಬ್ಬಿನವನದು ಮಾತ್ರ ಅಂತ ಹೇಳಿ ವಾದ್ಯದ ಕಂಪನಿಯನ್ನೂ ಬಿಟ್ಟುಬಿಡೋಕೆ ಆಗಲ್ಲ. ಮಾರುಕಟ್ಟೆಯಲ್ಲಿ ಇಂಥ ಹಬ್ ಇವೆ ಅಂತ ಗೊತ್ತಿದ್ದ ಮೇಲೆ, ತನ್ನ ಕಿಂಡಿಯಲ್ಲಿ ಉಲ್ಟಾ ಕರೆಂಟ್ ತಡೆಯುವ ಸ್ವಿಚ್ ಐಸಿ ಇಡೋದು ಅವರ ಕೆಲಸ. ಊರ ಹೊರಗೆ ಕಳ್ಳರಿದ್ದಾರೆ ಅಂತ ಗೊತ್ತಿದ್ದೂ ಬಾಗಿಲಿಗೆ ಚಿಲಕ ಇಡದವನು, ಕಳುವಾದ ಮೇಲೆ “ನಿಮ್ಮ ಓಣಿನೇ ಸರಿ ಇಲ್ಲ” ಅಂದ ಹಾಗಾಯ್ತು.

ಸರ್ಕಾರ ಇಲ್ಲವೇ ಅಂತ ಕೇಳಬಹುದು. ಇದೆ. 2012ರಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಬಿಐಎಸ್ ಕಡ್ಡಾಯ ನೋಂದಣಿಯ ಆದೇಶ ಬಂತು. ಆ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಸಂಗೀತ ವ್ಯವಸ್ಥೆಗಳೂ ಇದ್ದವು, ಆದರೆ 200 ವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನವು! 12 ವೋಲ್ಟ್ ಅಡಾಪ್ಟರಿನಲ್ಲಿ ನಡೆಯುವ ನಮ್ಮ ಕೀಬೋರ್ಡು ಅದರ ಹತ್ತಿರಕ್ಕೂ ಹೋಗೋದಿಲ್ಲ. ಆ ಮಾನದಂಡಗಳ ಚಿಂತೆ ಮುಖ್ಯವಾಗಿ ಶಾಕ್ ಮತ್ತು ಬೆಂಕಿ. ಮನುಷ್ಯ ಉಳಿಯಬೇಕು, ಸರಿ, ಮೊದಲು ಅದೇ. ಆದರೆ ಅವನ ಹೊಟ್ಟೆಪಾಡಿನ ಬೋರ್ಡು ಉಳಿಯಬೇಕು ಅನ್ನೋದು ಯಾರ ಫೈಲಿನಲ್ಲೂ ಇಲ್ಲ.

ಈಗ ನಮ್ಮ ಪೈಕಿಯವರ ಮಾತು. ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವ ನಾವು, ಪ್ರೊಡಕ್ಷನ್‌ನಲ್ಲಿ ಸರ್ವರ್ ಬಿದ್ದರೆ “ಯೂಸರ್ ತಪ್ಪು” ಅಂತ ಟಿಕೆಟ್ ಮುಚ್ಚಿದರೆ ಮ್ಯಾನೇಜರ್ ಸುಮ್ಮನಿರ್ತಾನಾ? ಮೂಲ ಕಾರಣ ಬರಿ ಅಂತಾನೆ, ಐದು ಸಲ ‘ಯಾಕೆ’ ಕೇಳು ಅಂತಾನೆ. ಅದೇ ನಾವು ಊರಿನಿಂದ ಕಾಕಾನೋ ಮಾಮಾನೋ ಫೋನ್ ಮಾಡಿದರೆ ಮೊದಲ ‘ಯಾಕೆ’ಗೇ ನಿಲ್ಲಿಸ್ತೀವಿ: “ಅಲ್ಲಿ ವೋಲ್ಟೇಜ್ ಸರಿ ಇಲ್ಲ, ಸ್ಟೆಬಿಲೈಜರ್ ಹಾಕ್ರಿ.” ಸ್ಟೆಬಿಲೈಜರ್ ಹಾಕಿದರೆ ಹಬ್ಬಿನಿಂದ ಬರುವ ಉಲ್ಟಾ ಕರೆಂಟ್ ಇನ್ನೂ ಸ್ಥಿರವಾಗಿ ಬರ್ತದೆ, ಅಷ್ಟೇ. ರಾಸ್‌ಬೆರಿ ಪೈ ಬಂದ ಹೊಸತರಲ್ಲಿ ಪವರ್ ಕೇಬಲ್ ಕಿತ್ತರೂ ಹಬ್ಬಿನಿಂದಲೇ ಬೋರ್ಡ್ ಜೀವಂತ ಇರೋದನ್ನ ನಮ್ಮಲ್ಲಿ ಎಷ್ಟೋ ಜನ ನೋಡಿ, ಮಜಾ ಅಂತ ನಕ್ಕಿದ್ದೀವಿ. ಅದೇ ಮಜಾ ಬಬಲೇಶ್ವರದಲ್ಲಿ ದೆವ್ವ ಆಗಿದ್ದು.

ಯೂಟ್ಯೂಬ್ ಪಂಡಿತರ ಒಂದು ಮದ್ದಿನ ಬಗ್ಗೆ ಎಚ್ಚರಿಕೆ: ಕೇಬಲ್ಲಿನ ಕೆಂಪು ತಂತಿ ಕತ್ತರಿಸು, ಇಲ್ಲಾ ಪ್ಲಗ್ಗಿನ ಆ ಪಿನ್ನಿಗೆ ಟೇಪ್ ಹಚ್ಚು ಅಂತ. ಕೆಲವೊಮ್ಮೆ ನಡೆಯುತ್ತದೆ. ಆದರೆ ನಿಯಮ ಪಾಲಿಸುವ ಸಾಧನ, ಮೇಲಿನಿಂದ 5 ವೋಲ್ಟ್ ಬಂತೋ ಇಲ್ಲವೋ ಅಂತ ಆ ತಂತಿಯಲ್ಲೇ ನೋಡಿಕೊಂಡು ಎದ್ದೇಳುತ್ತದೆ. ತಂತಿ ಕತ್ತರಿಸಿದರೆ ಅದು ಏಳೋದೇ ಇಲ್ಲ. ಪ್ರಾಮಾಣಿಕನಿಗೇ ಶಿಕ್ಷೆ, ಇಲ್ಲೂ.

ಮಾಡಬೇಕಾದದ್ದು ಬೇರೆ. ಸೀಜನ್ ಶುರುವಾಗುವ ಮೊದಲು ಹಬ್ಬನ್ನು ಪರೀಕ್ಷೆ ಮಾಡಿ. ಅಡಾಪ್ಟರ್ ಚುಚ್ಚಿ, ಮೇಲಿನ ಪ್ಲಗ್ಗನ್ನು ಯಾವುದಕ್ಕೂ ಹಾಕದೆ, ಅದರ ನಾಲ್ಕು ಪಟ್ಟಿಗಳಲ್ಲಿ ಎರಡು ತುದಿಯ ಪಟ್ಟಿಗಳ ನಡುವೆ 15 ಕಿಲೋ ಓಮ್ ರೆಸಿಸ್ಟರ್ ಇಟ್ಟು ವೋಲ್ಟೇಜ್ ನೋಡಿ. ರೆಸಿಸ್ಟರ್ ಇಲ್ಲದೆ ಬರೀ ಮೀಟರ್ ಹಿಡಿದರೆ ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣಬಹುದು, ಒಳ್ಳೆ ಹಬ್ಬಿನ ಮೇಲೆ ಸುಳ್ಳು ಆರೋಪ ಬರ್ತದೆ. 0.4 ದಾಟಿದರೆ ಅದನ್ನು ವಾದ್ಯಕ್ಕೆ ಮುಟ್ಟಿಸಬೇಡಿ, ಫೋನ್ ಚಾರ್ಜ್ ಮಾಡೋಕೆ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿಗೂ ಕೀಬೋರ್ಡಿಗೂ ನಡುವೆ ಯುಎಸ್‌ಬಿ ಐಸೋಲೇಟರ್ ಹಾಕಿದರೆ ಇನ್ನೂ ಒಳ್ಳೇದು. ಎಡಿಯುಎಮ್ 4160 ಅನ್ನೋ ಚಿಪ್ ಇರುವ ಸಣ್ಣ ಬೋರ್ಡುಗಳು ಸಿಗ್ತವೆ, ಸೆಕೆಂಡಿಗೆ 12 ಮೆಗಾಬಿಟ್ ವೇಗ, ಮಿಡಿಗೆ ಧಾರಾಳ. ಹಮ್ಮಿಂಗ್ ಸಹ ಬಹುಮಟ್ಟಿಗೆ ಹೋಗ್ತದೆ. ವಾದ್ಯಕ್ಕೆ ಹಳೆಯ ಐದು ಪಿನ್ನಿನ ಮಿಡಿ ಕಿಂಡಿ ಇದ್ದರಂತೂ ಬೇರೆ ಯೋಚನೆಯೇ ಬೇಡ, ಅದನ್ನೇ ಬಳಸಿ.

ಇಷ್ಟೆಲ್ಲ ಮಾಡಬೇಕಾದದ್ದು ಹಾಡುವವನಾ? ಅಲ್ಲ. ಅದಕ್ಕೇ ಕಾನೂನಿನ ವಿಷಯ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಒಂದು ಅಧ್ಯಾಯವೇ ಇದೆ. ತಯಾರಿಕೆಯ ದೋಷ ಮಾತ್ರ ಅಲ್ಲ, ವಿನ್ಯಾಸದ ದೋಷಕ್ಕೂ, ಬೇಕಾದ ಎಚ್ಚರಿಕೆ ಬರೆಯದೆ ಇದ್ದದ್ದಕ್ಕೂ ತಯಾರಕ ಹೊಣೆ. ತಯಾರಕ ಯಾರು ಅಂತ ಗೊತ್ತೇ ಆಗದಿದ್ದರೆ ಮಾರಿದವನನ್ನು ಹೊಣೆ ಮಾಡಬಹುದು, ಹೆಸರಿಲ್ಲದ ಹಬ್ಬಿಗೆ ಇದು ಬಹಳ ಮುಖ್ಯ. “ನೀವು ಕಾರ್ಯಕ್ರಮ ಮಾಡಿ ದುಡ್ಡು ತಗೋತೀರಿ, ಗ್ರಾಹಕ ಅಲ್ಲ” ಅಂತ ಅವರ ವಕೀಲ ಹೇಳಬಹುದು. ಸ್ವಂತ ದುಡಿಮೆಯಿಂದ ಜೀವನ ನಡೆಸಲಿಕ್ಕೆಂದೇ ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಅಂತ ಅದೇ ಕಾಯ್ದೆ ವಿವರಿಸಿದೆ. ಕೀಬೋರ್ಡ್ ವಾದಕ ಅದರೊಳಗೆ ಸರಿಯಾಗಿ ಕೂಡ್ತಾನೆ. ದೂರು ಕೊಡಲು ಎರಡು ವರ್ಷದ ಅವಧಿ ಇದೆ. ವಿಜಯಪುರದಲ್ಲೇ ಜಿಲ್ಲಾ ಆಯೋಗ ಇದೆ.

ಬಿಲ್ಲು ಬೇಕು, ಹಬ್ಬಿನದೂ ಕೀಬೋರ್ಡಿನದೂ. ಅಂಗಡಿಯಲ್ಲಿ “ಬಿಲ್ ಬೇಕಾ, ಹಂಗಾದ್ರ ಜಿಎಸ್‌ಟಿ ಬೀಳ್ತದ” ಅಂದರೆ ಬೀಳಲಿ ಅನ್ನಿ. ಮುಂದಿನ ಸಲ ಊರಿನಿಂದ ಫೋನ್ ಬಂದಾಗ ಸ್ಟೆಬಿಲೈಜರ್ ಉಪದೇಶದ ಬದಲು ಅವರ ಜೊತೆ ಕೌಂಟರಿಗೆ ಹೋಗಿ, ಇಲ್ಲವೇ ಫೋನಿನಲ್ಲೇ ಆ ಹುಡುಗನ ಹತ್ತಿರ ಮಾತಾಡಿ. ದನಿ ಏರಿಸಬೇಕಾಗಿಲ್ಲ. ‘ವೋಲ್ಟೇಜ್ ಫ್ಲಕ್ಚುಯೇಶನ್’ ಅಂತ ಬರೆದ ಚೀಟಿಯ ಕೆಳಗೆ ಇನ್ನು ಮೂರು ಸಾಲು ಬರೆದು ಸಹಿ ಹಾಕಿ ಕೊಡು ಅನ್ನಿ: ಯಾವ ಭಾಗ ಸುಟ್ಟಿದೆ, ಪವರ್ ಬರುವ ಕಡೆಯ ಫ್ಯೂಸ್ ಸರಿ ಇದೆಯೋ ಇಲ್ಲವೋ, ಯುಎಸ್‌ಬಿ ಕಡೆ ಅಳೆದು ನೋಡಿದ್ದೀರೋ ಇಲ್ಲವೋ. ಕಂಬದಿಂದ ಬಂದ ಪೆಟ್ಟಾದರೆ ಮೊದಲು ಏಟು ತಿನ್ನೋದು ಅಡಾಪ್ಟರ್. ಅಡಾಪ್ಟರ್ ಗಟ್ಟಿಮುಟ್ಟಾಗಿ 12 ವೋಲ್ಟ್ ಕೊಡ್ತಾ ಇದ್ದು, ಒಳಗಿನ 5 ವೋಲ್ಟಿನ ಭಾಗ ಮಾತ್ರ ಸುಟ್ಟಿದ್ದರೆ ಅದು ಹೇಗೆ ಅಂತ ಕೇಳಿ. ಮಾಮಾನ ಅಡಾಪ್ಟರ್ ಈಗಲೂ ಸರಿಯಾಗಿದೆ.